ಹಳೇ ಕಾರು, ತಗಡಿನ ಆಟಿಕೆ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಮನೆಯಲ್ಲಿ ಸಿಕ್ಕಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಅವರು ಕೇಳಿದ ಹಾಗೆಯೇ ಬಿಟ್ಟಿದ್ದೇನೆ. ಮೊದಲು ಸುಲಭದ್ದು, ಹೋಗ್ತಾ ಹೋಗ್ತಾ ಗ್ಯಾರೇಜಿನ ಮಾತು, ಆಮೇಲೆ ಕಾಗದಪತ್ರ. ನಮ್ಮ ವಾಡೆಗಳಲ್ಲಿ, ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ಇನ್ನೂ ಎಷ್ಟೋ ವಸ್ತು ಉಳಿದಿವೆ. ಅವು ಗುಜರಿಗೆ ಹೋಗಬಾರದು, ಹೊಸ ಬಣ್ಣದ ಕೆಳಗೆ ಮುಚ್ಚಿಯೂ ಹೋಗಬಾರದು. ಅದಕ್ಕೇ ಇಷ್ಟು ಉದ್ದ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

ಯಾವ ಕಾಲದ ಗಾಡಿ, ಯಾವ ಕಾಲದ ಆಟಿಕೆ ಬಗ್ಗೆ ಮಾತಾಡ್ತೀರಿ ನೀವು?

ಹೆಚ್ಚುಕಡಿಮೆ 1930ರ ದಶಕದಿಂದ 1970ರ ದಶಕದ ಆರಂಭದವರೆಗಿನದು. ಗಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಬರುವ ಮುಂಚಿನ ಕಾಲ. ಆಟಿಕೆಯಲ್ಲಿ ಪ್ಲಾಸ್ಟಿಕ್ ಪೂರ್ತಿ ಗೆಲ್ಲುವ ಮುಂಚಿನ ಕಾಲ. ಆಗ ಎರಡನ್ನೂ ಲೋಹದಿಂದಲೇ ಮಾಡುತ್ತಿದ್ದರು, ಎರಡನ್ನೂ ಬಿಚ್ಚಿ ರಿಪೇರಿ ಮಾಡಬಹುದಿತ್ತು. ಅದಕ್ಕೇ ಇವೆರಡನ್ನೂ ಒಟ್ಟಿಗೆ ನೋಡುವುದು ನನಗೆ ಸಹಜ ಅನಿಸುತ್ತದೆ.

ನಮ್ಮ ಗುಲ್ಬರ್ಗಾ ಕಡೆ ಆವಾಗ ಯಾವ್ಯಾವ ಗಾಡಿ ಇದ್ವು ರೀ?

ಬಸ್ಸಿನಿಂದ ಶುರು ಮಾಡೋಣ. ನಮ್ಮ ಭಾಗ 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಆಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯ ಒಳಗೇ ಇತ್ತು. ನಿಜಾಮರ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರು ಮಾಡಿತು. ರೈಲು ಮತ್ತು ಬಸ್ಸು ಒಂದೇ ಇಲಾಖೆಯ ಕೈಯಲ್ಲಿದ್ದದ್ದು ಆ ಸಂಸ್ಥಾನದ ವಿಶೇಷ. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಆ ಸಾರಿಗೆಯಲ್ಲಿ ಹೆಸರುವಾಸಿ. ಹೈದರಾಬಾದಿನ ಚೌಮೊಹಲ್ಲಾ ಅರಮನೆಗೆ ಹೋದರೆ ನಿಜಾಮರ ಮನೆತನದ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ನೋಡಬಹುದು, 1912ರದು. ಬೀದರಿನಿಂದ ಬೆಳಿಗ್ಗೆ ಹೊರಟರೆ ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದು, ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ.

ಹಳ್ಳಿಗಳಿಗೆ ಬಂದರೆ ಜೀಪಿನದೇ ರಾಜ್ಯ. ಮಳೆ ಬಿದ್ದ ಮೇಲೆ ನಮ್ಮ ಎರೆ ಭೂಮಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬಿಟ್ಟರೆ ಬೇರೆ ಯಾವುದೂ ನಡೆಯುತ್ತಿರಲಿಲ್ಲ. ಮಹೀಂದ್ರ ಕಂಪನಿ 1947ರಿಂದ ಅಮೆರಿಕದ ವಿಲ್ಲಿಸ್ ಜೀಪನ್ನು ಬಾಂಬೆಯಲ್ಲಿ ಜೋಡಿಸತೊಡಗಿತು. ಆ ಕಂಪನಿ 1945ರಲ್ಲಿ ಶುರುವಾದಾಗ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದ್ ನಿಜಾಮರ ಸರ್ಕಾರದಲ್ಲಿ ಹಣಕಾಸು ನೋಡಿಕೊಂಡಿದ್ದವರು. ದೇಶ ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು.

ಪಟ್ಟಣದಲ್ಲಿ ಡಾಕ್ಟರು, ವಕೀಲರು, ದಾಲ್ ಮಿಲ್ಲಿನ ಸಾಹುಕಾರರ ಮನೆ ಮುಂದೆ ಅಂಬಾಸಿಡರ್, ಫಿಯಟ್, ಅಪರೂಪಕ್ಕೆ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡು ಚಕ್ರದಲ್ಲಿ ಬುಲೆಟ್, ರಾಜ್‌ದೂತ್, ಲ್ಯಾಂಬ್ರೆಟಾ, ಮೈಸೂರಿನಿಂದ ಬಂದ ಜಾವಾ.

ಎಲ್ಲಿ ನೋಡಿದ್ರೂ ಅಂಬಾಸಿಡರ್, ಫಿಯಟ್ ಎರಡೇ ಯಾಕೆ ಇರ್ತಿದ್ವು?

ಸರ್ಕಾರದ ನೀತಿ ಹಾಗಿತ್ತು. ಸ್ವಾತಂತ್ರ್ಯಕ್ಕೆ ಮುಂಚೆ ಜನರಲ್ ಮೋಟರ್ಸ್, ಫೋರ್ಡ್ ಇಲ್ಲೇ ಕಾರು ಜೋಡಿಸುತ್ತಿದ್ದವು. ಜನರಲ್ ಮೋಟರ್ಸ್ ಅಂತೂ 1928ರಿಂದಲೇ ಬಾಂಬೆಯಲ್ಲಿತ್ತು. 1953ರಲ್ಲಿ ಸರ್ಕಾರ ಹೇಳಿದ್ದು ಇಷ್ಟೇ: ಇಲ್ಲಿ ಬಿಡಿಭಾಗ ತಯಾರಿಸುವ ಯೋಜನೆ ಇದ್ದರೆ ಇರಿ, ಸುಮ್ನೆ ಹೊರಗಿನಿಂದ ತಂದು ಜೋಡಿಸಿ ಮಾರುವುದಾದರೆ ಬೇಡ. ಆ ಎರಡೂ ಕಂಪನಿ ಬಾಗಿಲು ಹಾಕಿಕೊಂಡು ಹೋದವು. ಉಳಿದವರಿಗೂ ಎಷ್ಟು ಕಾರು ಮಾಡಬೇಕು ಅನ್ನುವುದಕ್ಕೆ ಲೈಸೆನ್ಸ್ ಬೇಕಿತ್ತು. ಹಾಗಾಗಿ ಒಂದೇ ಮಾದರಿ ದಶಕಗಟ್ಟಲೆ ನಡೆಯಿತು, ಜನ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದರು. ಇವತ್ತು ನಮಗೆ ಅದರಿಂದ ಒಂದು ಲಾಭ ಇದೆ. ಒಂದೇ ಮಾದರಿ ಅಷ್ಟು ವರ್ಷ ಬಂದಿದ್ದರಿಂದ ಬಿಡಿಭಾಗ ಈಗಲೂ ಸಿಗುತ್ತವೆ, ಕೈಪಳಗಿದ ಉಸ್ತಾದರೂ ಸಿಗುತ್ತಾರೆ.

ಅಂಬಾಸಿಡರ್ ಪೂರ್ತಿ ನಮ್ಮ ದೇಶದ ಕಾರಲ್ವಾ?

ವಿನ್ಯಾಸ ಇಂಗ್ಲೆಂಡಿನದು, ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಹಿಂದೂಸ್ತಾನ್ ಮೋಟರ್ಸ್ ಅದನ್ನು 1957ರಿಂದ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಅದಕ್ಕೆ ಮುಂಚೆ ಅದೇ ಕಂಪನಿಯ ಲ್ಯಾಂಡ್‌ಮಾಸ್ಟರ್ ಬಂದಿತ್ತು. ಇಂಗ್ಲೆಂಡಿನಲ್ಲಿ ಆ ಆಕ್ಸ್‌ಫರ್ಡ್ ಕೆಲವೇ ವರ್ಷ ಬಾಳಿತು, ನಮ್ಮಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ಬಂತು. 57 ವರ್ಷ ನಮ್ಮ ರಸ್ತೆ, ನಮ್ಮ ಧೂಳು, ನಮ್ಮ ಮದುವೆ ದಿಬ್ಬಣ ಎಲ್ಲ ಕಂಡ ಕಾರನ್ನು ನಮ್ಮದು ಅನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಆವಾಗಿನ ಮಕ್ಕಳು ಏನ್ ಆಟಿಗಿ ಆಡ್ತಿದ್ರು? ಎಲ್ಲ ಫಾರಿನ್ನಿಂದೇನಾ?

ಇಲ್ಲ, ಹೆಚ್ಚಿನ ಮಕ್ಕಳ ಕೈಯಲ್ಲಿ ಇದ್ದದ್ದು ಮನೆಯಲ್ಲೇ ಮಾಡಿದ್ದು. ಜೋಳದ ದಂಟು ಸೀಳಿ, ಬೆಂಡು ಮತ್ತು ಸಿಬಿರು ಚುಚ್ಚಿ ಮಾಡಿದ ಬಂಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆ ಮಣ್ಣಿನಲ್ಲಿ ಮಾಡಿದ ಜೋಡೆತ್ತು. ಸೈಕಲ್ಲಿನ ಹಳೇ ಟೈರು, ಅದನ್ನು ಹೊಡೆಯಲು ಒಂದು ಕೋಲು. ತಂತಿ ಬಗ್ಗಿಸಿ ಮಾಡಿದ ಕಾರಿಗೆ ಉದ್ದ ಹಿಡಿಕೆಯ ಸ್ಟೇರಿಂಗ್. ಇವನ್ನು ಯಾರೂ ಎತ್ತಿಡಲಿಲ್ಲ, ದಂಟಿನ ಬಂಡಿಯನ್ನು ಕೊನೆಗೆ ದನ ತಿಂದಿತು, ಮಣ್ಣೆತ್ತನ್ನು ಬಾವಿಗೆ ಬಿಟ್ಟೆವು. ಅದಕ್ಕೇ ಮಾಡಲು ಬರುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ಈಗಲೇ ಒಂದು ಮಾಡಿಸಿ, ಮಾಡುವಾಗ ವಿಡಿಯೋ ತೆಗೆದಿಡಿ. ತಗಡಿನ ಕಾರಿಗಿಂತ ಇದು ಬೇಗ ಮರೆಯಾಗುತ್ತಿದೆ.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನಂಥ ದೊಡ್ಡ ಕೂಟಗಳಲ್ಲಿ ಅಂಗಡಿ ಆಟಿಕೆ ಬರುತ್ತಿತ್ತು. ಒತ್ತಿದರೆ ಟಿಕ್ ಟಿಕ್ ಅನ್ನುವ ತಗಡಿನ ಕಪ್ಪೆ, ಗಿಲಕಿ, ಪಟಪಟ ದೋಣಿ, ಚಾವಿ ಕೊಟ್ಟರೆ ಓಡುವ ಮೋಟರು. ಡಿಂಕಿ, ಮ್ಯಾಚ್‌ಬಾಕ್ಸ್ ಅಂಥ ಇಂಗ್ಲೆಂಡಿನ ಎರಕದ ಪುಟ್ಟ ಕಾರುಗಳು ಬಾಂಬೆ, ಹೈದರಾಬಾದಿಗೆ ಹೋಗಿ ಬಂದವರ ಚೀಲದಲ್ಲಿ, ಆಮೇಲೆ ಗಲ್ಫಿನಿಂದ ರಜಕ್ಕೆ ಬಂದ ಮಾವಂದಿರ ಸೂಟ್‌ಕೇಸಿನಲ್ಲಿ ಬಂದವು.

## ಗುರುತು ಹಿಡಿಯುವುದು

ಅಟ್ಟದ ಮೇಲೆ ಒಂದು ತಗಡಿನ ಕಾರ್ ಸಿಕ್ಕದ. ಎಷ್ಟು ಹಳೇದು ಅಂತ ಹೆಂಗ್ ತಿಳ್ಕೋಬೇಕು?

ತಿರುಗಿಸಿ ಹೊಟ್ಟೆ ನೋಡಿ. ಯಾವ ದೇಶದಲ್ಲಿ ತಯಾರಾಯಿತು ಅನ್ನುವ ಬರಹ ಅಲ್ಲಿ, ಇಲ್ಲವೇ ನಂಬರ್ ಪ್ಲೇಟಿನ ಹತ್ತಿರ ಸಣ್ಣದಾಗಿ ಇರುತ್ತದೆ. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಅದು ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ಕ್ಕೆ ಮುಂಚಿನದು. ಆ ವರ್ಷಗಳಲ್ಲಿ ಜಪಾನ್ ಮಿತ್ರಪಕ್ಷಗಳ ಸೇನೆಯ ಹಿಡಿತದಲ್ಲಿತ್ತು. 'ಯುಎಸ್ ಜೋನ್ ಜರ್ಮನಿ' ಅಂತ ಇದ್ದರೂ ಹೆಚ್ಚುಕಡಿಮೆ ಅದೇ ಕಾಲದ್ದು.

ಆಮೇಲೆ ಜೋಡಣೆ ನೋಡಿ. ಹಳೇ ತಗಡಿನ ಆಟಿಕೆಯಲ್ಲಿ ಒಂದು ಭಾಗದ ಸಣ್ಣ ನಾಲಿಗೆ ಇನ್ನೊಂದರ ಸೀಳಿನೊಳಗೆ ಹೋಗಿ ಬಾಗಿರುತ್ತದೆ. ಬಣ್ಣವನ್ನು ಬ್ರಷ್ಷಿನಲ್ಲಿ ಬಳಿದಿರುವುದಿಲ್ಲ, ತಗಡು ಚಪ್ಪಟೆ ಇದ್ದಾಗಲೇ ಅಚ್ಚು ಹಾಕಿ ಆಮೇಲೆ ಬಗ್ಗಿಸಿರುತ್ತಾರೆ. ಕಿಟಕಿಯಲ್ಲಿ ಕೂತ ಡ್ರೈವರ್ ಕೂಡ ಅಚ್ಚಿನ ಚಿತ್ರವೇ. ಹೊಳೆಯುವ ಹೊಸ ಸ್ಕ್ರೂ, ಡಬ್ಬಿಯ ಮೇಲೆ ಬಾರ್‌ಕೋಡ್ ಕಂಡರೆ ಅದು ಈಚೆಗೆ ಮಾಡಿದ ನಕಲು. ನಕಲು ಚೆನ್ನಾಗಿಯೇ ಇರುತ್ತದೆ, ಆದರೆ ಹಳೇ ಬೆಲೆ ಕೊಡಬೇಡಿ.

ಕೆಳಗಡೆ ಡಿಂಕಿ ಬದಲು ನಿಕ್ಕಿ ಅಂತಿದೆ. ಡುಪ್ಲಿಕೇಟಾ?

ಅಲ್ಲ, ದಯವಿಟ್ಟು ಎಸೆಯಬೇಡಿ. ಈ ಪ್ರಶ್ನೆ ಬಂದಾಗೆಲ್ಲ ನನಗೆ ಖುಷಿಯಾಗುತ್ತದೆ.

ಡಿಂಕಿ ಆಟಿಕೆ ಮಾಡಿದ್ದು ಲಿವರ್‌ಪೂಲಿನ ಮೆಕ್ಯಾನೋ ಕಂಪನಿ, ಫ್ರಾಂಕ್ ಹಾರ್ನ್‌ಬಿ ಕಟ್ಟಿದ್ದು. ಡಿಂಕಿ ಅನ್ನುವ ಹೆಸರು 1934ರಲ್ಲಿ ಬಂತು. ಒಂದು ಮಾದರಿಯ ಮಾರಾಟ ಮುಗಿದ ಮೇಲೆ ಅದರ ಉಕ್ಕಿನ ಅಚ್ಚು ಉಳಿಯುತ್ತದೆ. ಹಾಗೆ ಉಳಿದ ಕೆಲವು ಅಚ್ಚುಗಳು 1960ರ ದಶಕದಲ್ಲಿ ಕಲ್ಕತ್ತಕ್ಕೆ ಬಂದವು. ಅಲ್ಲಿ ಅದೇ ಅಚ್ಚಿನಲ್ಲಿ ಎರಕ ಹೊಯ್ದು ನಿಕ್ಕಿ ಟಾಯ್ಸ್ ಹೆಸರಿನಲ್ಲಿ ಮಾರಿದರು. ಅಂದರೆ ಅಚ್ಚು ಅಸಲಿ, ಎರಕ ಭಾರತದ್ದು. ಬಣ್ಣ ಸ್ವಲ್ಪ ದಪ್ಪ, ಕೆಲಸ ಒರಟು, ಕೆಲವದರಲ್ಲಿ ಡಿಂಕಿ ಅನ್ನುವ ಅಕ್ಷರ ಅಳಿಸಿದ ಗುರುತೂ ಕಾಣುತ್ತದೆ. ಹೊರದೇಶದ ಸಂಗ್ರಾಹಕರು ಇವನ್ನು ಹುಡುಕಿಕೊಂಡು ಬರುತ್ತಾರೆ, ನಮ್ಮವರು ಡುಪ್ಲಿಕೇಟ್ ಅಂತ ಮಕ್ಕಳಿಗೆ ಒಡೆಯಲು ಕೊಡುತ್ತಾರೆ. ಆಮೇಲಿನ ಮ್ಯಾಕ್ಸ್‌ವೆಲ್, ಮಿಲ್ಟನ್ ಹೆಸರಿನ ಭಾರತದ ಎರಕದ ಕಾರುಗಳ ಕಥೆಯೂ ಇದೇ, ಅವನ್ನೂ ಎತ್ತಿಡಿ.

ಮ್ಯಾಚ್‌ಬಾಕ್ಸ್ ಕಾರು ಹಳೇದೋ ಹೊಸದೋ ಹೇಗೆ ಗೊತ್ತಾಗುತ್ತೆ?

ಹೊಟ್ಟೆಯ ಮೇಲೆ 'ಲೆಸ್ನಿ' ಮತ್ತು 'ಇಂಗ್ಲೆಂಡ್' ಇದ್ದರೆ 1982ಕ್ಕೆ ಮುಂಚಿನದು. ಮ್ಯಾಚ್‌ಬಾಕ್ಸ್ ಮಾಡುತ್ತಿದ್ದ ಲೆಸ್ನಿ ಕಂಪನಿ ಆ ವರ್ಷ ದಿವಾಳಿಯಾಯಿತು. ಆಮೇಲೆ ತಯಾರಿಕೆ ಮಕಾವ್, ಚೀನಾ, ಥಾಯ್ಲೆಂಡ್ ಕಡೆ ಹೋಯಿತು. ಚಕ್ರವನ್ನೂ ನೋಡಿ. 1969ರವರೆಗಿನ ಕಾರಿನ ಚಕ್ರ ಸಣ್ಣದು, ಚಕ್ರದ ಅಚ್ಚು (ಆಕ್ಸಲ್) ದಪ್ಪ, ನೆಲದ ಮೇಲೆ ಬಿಟ್ಟರೆ ನಿಧಾನ ಉರುಳುತ್ತದೆ. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ತೆಳು ಅಚ್ಚಿನ ವೇಗದ ಚಕ್ರ ತಂದಿತು. ಅದಕ್ಕೆ ಪೈಪೋಟಿಯಾಗಿ ಮ್ಯಾಚ್‌ಬಾಕ್ಸೂ ಸೂಪರ್‌ಫಾಸ್ಟ್ ಚಕ್ರಕ್ಕೆ ಬದಲಾಯಿತು. ಬೆಂಕಿಪೊಟ್ಟಣದ ಅಳತೆ ಬಂದದ್ದು ಲೆಸ್ನಿಯ ಜ್ಯಾಕ್ ಓಡೆಲ್ ಅನ್ನುವ ಎರಕದ ಕುಶಲಕರ್ಮಿಯ ಮಗಳಿಂದ. ಅವಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದಿತ್ತಂತೆ. ಡಬ್ಬಿ ಇದ್ದರೆ ಅದನ್ನೂ ಇಟ್ಟುಕೊಳ್ಳಿ, ಕೆಲವೊಮ್ಮೆ ಕಾರಿನಷ್ಟೇ ಬೆಲೆ ಡಬ್ಬಿಗೂ ಇರುತ್ತದೆ.

ನಮ್ಮ ಅಂಬಾಸಿಡರ್ ಮಾರ್ಕ್ ಒಂದೋ ಎರಡೋ ಅಂತ ಮನ್ಯಾಗ ಜಗಳ ನಡದದ. ನೀವೇ ಹೇಳ್ರಿ.

ಮುಂದಿನ ಜಾಲರಿ ಮೊದಲ ಸುಳಿವು. ಚೌಕಳಿ ಜಾಲರಿ ಇದ್ದರೆ ಸಾಮಾನ್ಯವಾಗಿ ಮಾರ್ಕ್ ಎರಡು, 1960ರ ದಶಕದ್ದು. ಅಡ್ಡ ಪಟ್ಟಿಗಳಿದ್ದರೆ 1975ರ ಹೊತ್ತಿನ ಮಾರ್ಕ್ ಮೂರು. ಆದರೆ ಜಾಲರಿ ನಂಬಿ ಪಂದ್ಯ ಕಟ್ಟಬೇಡಿ. ಒಂದರ ಜಾಲರಿ ಇನ್ನೊಂದಕ್ಕೆ ಹಾಕುವುದು ನಮ್ಮ ಗ್ಯಾರೇಜುಗಳಲ್ಲಿ ಮಾಮೂಲು, ಇಂಜಿನ್ನೂ ಬದಲಾಗಿರುತ್ತದೆ. ಆರ್‌ಸಿಯಲ್ಲಿ ಇರುವ ತಯಾರಿಕೆಯ ವರ್ಷ, ಚಾಸಿ ನಂಬರ್ ಎರಡನ್ನೂ ತಾಳೆ ನೋಡಿದ ಮೇಲೆ ಮಾತ್ರ ತೀರ್ಮಾನ.

ಫಿಯಟ್ ಇದ್ದವರಿಗೂ ಒಂದು ಮಾತು. ಮುಂದಿನ ಬಾಗಿಲು ಹಿಂದಿನಿಂದ ಮುಂದಕ್ಕಲ್ಲ, ಮುಂದಿನಿಂದ ಹಿಂದಕ್ಕೆ ತೆರೆದರೆ ಅದು 1950ರ ದಶಕದ 1100, ಜನ ಡುಕ್ಕರ್ (ಹಂದಿ) ಫಿಯಟ್ ಅನ್ನುವುದು ಆ ಕಾರನ್ನೇ. ಪದ್ಮಿನಿ ಅನ್ನುವ ಹೆಸರು ಬಂದದ್ದು 1970ರ ದಶಕದಲ್ಲಿ. ನಂಬರ್ ಪ್ಲೇಟ್ ಎಂವೈ ಅಂತ ಶುರುವಾಗಿದ್ದರೆ ಮೈಸೂರು ರಾಜ್ಯದ ಹೆಸರಿನ ಹಳೇ ಪದ್ಧತಿಯ ನೋಂದಣಿ. ಕೆಎ-32, 33, 38 ಎಲ್ಲ 1989ರ ನಂತರದ ಪದ್ಧತಿ.

## ಕಾಪಾಡುವುದು

ನಮ್ಮ ಬಿಸಿಲಿಗೆ ಇವೆಲ್ಲ ಹಾಳಾಗಲ್ವಾ?

ಲೋಹಕ್ಕೆ ನಮ್ಮ ಹವೆ ಒಳ್ಳೆಯದು, ರಬ್ಬರಿಗೆ ಕೆಟ್ಟದ್ದು. ಮಂಗಳೂರಿನಲ್ಲಿ ಸಮುದ್ರದ ಉಪ್ಪು ಗಾಳಿಗೆ ಕಾರಿನ ನೆಲ ತೂತಾಗಿ ಹೋಗುತ್ತದೆ. ಅದೇ ವರ್ಷದ ಕಾರು ಬೀದರಿನ ಒಂದು ಕೊಟ್ಟಿಗೆಯಲ್ಲಿ ನಿಂತಿದ್ದರೆ ತಗಡು ಗಟ್ಟಿಯಾಗಿಯೇ ಇರುತ್ತದೆ. ಇದು ನಮಗೆ ಸಿಕ್ಕ ದೊಡ್ಡ ವರ.

ಆದರೆ ಮೇ ತಿಂಗಳಲ್ಲಿ 42–43 ಡಿಗ್ರಿ ಬಂದಾಗ ಬಾಗಿಲಿನ ರಬ್ಬರ್ ಬಿರಿಯುತ್ತದೆ, ಟೈರಿನ ಪಕ್ಕ ಸೀಳುತ್ತದೆ, ಡ್ಯಾಶ್‌ಬೋರ್ಡ್ ಬಣ್ಣ ಕಳೆದುಕೊಳ್ಳುತ್ತದೆ. ಆಟಿಕೆಯ ಸಣ್ಣ ಟೈರೂ ಗಟ್ಟಿಯಾಗಿ ಒಡೆಯುತ್ತದೆ. ಹಾಗಾಗಿ ನೆರಳು ಮುಖ್ಯ. ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಬೇಡ, ಹತ್ತಿ ಬಟ್ಟೆಯದು ಸಾಕು. ಪ್ಲಾಸ್ಟಿಕ್ಕಿನೊಳಗೆ ಮಳೆಗಾಲದ ತೇವ ಸಿಕ್ಕಿಕೊಂಡರೆ ಒಣ ಹವೆಯ ಲಾಭವೆಲ್ಲ ಹೋಗುತ್ತದೆ. ಆಟಿಕೆಯನ್ನು ಪತ್ರಾಸಿನ ಕೆಳಗಿನ ಅಟ್ಟದಿಂದ ಇಳಿಸಿ, ಕಲ್ಲಿನ ಗೋಡೆಯ ಕೋಣೆಯಲ್ಲಿ ಗಾಜಿನ ಕಪಾಟಿನಲ್ಲಿಡಿ, ಕಿಟಕಿಯ ಎದುರು ಮಾತ್ರ ಬೇಡ. ಶಹಾಬಾದ್ ಕಲ್ಲಿನ ನೆಲ, ದಪ್ಪ ಗೋಡೆ ಇರುವ ಹಳೇ ಮನೆ ಇದ್ದವರಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕಿಲ್ಲ.

ಬಣ್ಣ ಹೋಗಿದೆ. ಪೇಂಟ್ ಹೊಡೆಸಿ ಹೊಸದರಂಗೆ ಮಾಡ್ಲಾ?

ಆಟಿಕೆಗೆ ಬೇಡವೇ ಬೇಡ. ತಗಡಿನ ಮೇಲಿನ ಅಚ್ಚಿನ ಬಣ್ಣ ಒಮ್ಮೆ ಹೋದರೆ ಯಾರೂ ಮತ್ತೆ ತರಲಾರರು. ಗೀರು ಬಿದ್ದ ಮೂಲ ಬಣ್ಣಕ್ಕೆ ಇರುವ ಗೌರವ ಹೊಸ ಸ್ಪ್ರೇ ಬಣ್ಣಕ್ಕೆ ಇಲ್ಲ, ಬೆಲೆಯೂ ಇಲ್ಲ. ಒಣ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಆಮೇಲೂ ಕೊಳೆ ಇದ್ದರೆ ಸ್ವಲ್ಪವೇ ಒದ್ದೆ ಮಾಡಿದ ಹತ್ತಿಯಿಂದ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಥಿನ್ನರ್, ಪೆಟ್ರೋಲ್, ಪಾತ್ರೆ ತಿಕ್ಕುವ ಪುಡಿ ಯಾವುದೂ ಹತ್ತಿರ ಬರಬಾರದು. ಎರಕದ ಕಾರಿನ ಬಣ್ಣ ಪೂರ್ತಿ ಹೋಗಿದ್ದರೆ ಕೆಲವರು ಬಳಿಯುತ್ತಾರೆ, ಅವರ ಇಷ್ಟ, ಆದರೆ ಮಾರುವಾಗ ಕೊಳ್ಳುವವರಿಗೆ ಹೇಳಲೇಬೇಕು.

ಓಡುವ ಕಾರಿನ ಮಾತು ಬೇರೆ. ತಗಡು ತುಕ್ಕು ಹಿಡಿಯುತ್ತಿದ್ದರೆ ಬಣ್ಣ ಬೇಕೇ ಬೇಕು. ಆಗಲೂ ಡಿಕ್ಕಿಯ ಒಳಗೋ ಡ್ಯಾಶ್‌ಬೋರ್ಡಿನ ಹಿಂದೋ ಮೂಲ ಬಣ್ಣದ ಒಂದು ತುಂಡು ಹಾಗೇ ಬಿಡಿಸಿ. ನಾಳೆ ನಿಮ್ಮ ಮಕ್ಕಳಿಗೆ ಅಜ್ಜನ ಕಾರಿನ ನಿಜವಾದ ಬಣ್ಣ ಯಾವುದು ಅಂತ ಗೊತ್ತಾಗಬೇಕಲ್ಲ.

ಚಾವಿ ಕೊಟ್ರೂ ಓಡ್ತಿಲ್ಲ. ಕೊಬ್ಬರಿ ಎಣ್ಣೆ ಹಾಕ್ಲಾ?

ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ ಯಾವುದೂ ಬೇಡ. ಅವು ಕೆಲವೇ ತಿಂಗಳಲ್ಲಿ ಅಂಟಾಗಿ ಧೂಳು ಹಿಡಿದು ಹಲ್ಲಿನ ಚಕ್ರವನ್ನೇ ಕಚ್ಚಿಬಿಡುತ್ತವೆ. ಹೊಲಿಗೆ ಮಷಿನ್ ಎಣ್ಣೆ, ಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ, ಅಚ್ಚು ತಿರುಗುವ ಜಾಗಕ್ಕೆ ಮಾತ್ರ. ಒಂದು ರಾತ್ರಿ ಬಿಟ್ಟು ಬೆರಳಿನಿಂದ ಚಕ್ರ ಮೆಲ್ಲಗೆ ಆಡಿಸಿ. ಚಾವಿಯನ್ನು ಬಲವಂತವಾಗಿ ತಿರುಗಿಸಬೇಡಿ, ಒಳಗಿನ ಸುರುಳಿ ಕಡಿದರೆ ಜೋಡಿಸುವುದು ಕಷ್ಟ. ಬಿಚ್ಚಲೇಬೇಕು ಅಂದರೆ ಹಳೇ ಗಡಿಯಾರ ರಿಪೇರಿ ಮಾಡುವವರ ಹತ್ತಿರ ಹೋಗಿ, ಒಳಗಿನ ಕೆಲಸ ಎರಡರದ್ದೂ ಒಂದೇ. ಬಾಗಿಸಿದ ತಗಡಿನ ನಾಲಿಗೆ ಎರಡು ಮೂರು ಸಲ ಎತ್ತಿ ಮಡಚಿದರೆ ಮುರಿಯುತ್ತದೆ, ಅದನ್ನು ಅವರಿಗೆ ಮೊದಲೇ ಹೇಳಿ. ಚಾವಿಯೇ ಇಲ್ಲದೆ ಮುಂದಕ್ಕೆ ಉಜ್ಜಿ ಬಿಟ್ಟರೆ ಓಡುವ ಕಾರಿನಲ್ಲಿ ಸುರುಳಿ ಇರುವುದಿಲ್ಲ, ಭಾರದ ಒಂದು ಚಕ್ರ ಇರುತ್ತದೆ. ಅಲ್ಲಿ ಕೂದಲು, ದಾರ ಸುತ್ತಿಕೊಂಡಿರುವುದೇ ಜಾಸ್ತಿ.

ಪಟಪಟ ದೋಣಿ ಒಳಗೆ ಮೋಟರೇ ಇಲ್ಲ, ಹೆಂಗ್ ಓಡ್ತದ?

ಒಳಗೆ ಒಂದು ಸಣ್ಣ ಚಪ್ಪಟೆ ತಗಡಿನ ಡಬ್ಬಿ, ಅದರಿಂದ ಹಿಂದಕ್ಕೆ ಹೋಗುವ ಕೊಳವೆ, ಅಷ್ಟೇ. ಕೊಳವೆಯಲ್ಲಿ ನೀರು ತುಂಬಿ ಕೆಳಗೆ ದೀಪ ಹಚ್ಚಿದರೆ ನೀರು ಆವಿಯಾಗಿ ಕೊಳವೆಯ ನೀರನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ದೋಣಿ ಮುಂದೆ ಹೋಗುತ್ತದೆ. ಆವಿ ತಣಿದು ಕುಗ್ಗಿದಾಗ ನೀರು ಮತ್ತೆ ಒಳಗೆ ಬರುತ್ತದೆ. ಹಾಗಾದರೆ ದೋಣಿ ಹಿಂದಕ್ಕೆ ಬರಬೇಕಲ್ಲ ಅಂತ ಮಕ್ಕಳು ಸರಿಯಾಗಿಯೇ ಕೇಳುತ್ತಾರೆ. ಹೊರಗೆ ಹೋಗುವ ನೀರು ಒಂದೇ ದಿಕ್ಕಿಗೆ ಧಾರೆಯಾಗಿ ಹೋಗುತ್ತದೆ, ಒಳಗೆ ಬರುವುದು ಎಲ್ಲ ಕಡೆಯಿಂದ ಬರುತ್ತದೆ, ಅದಕ್ಕೆ ಮುಂದಕ್ಕೇ ಗೆಲುವು. ಪಟಪಟ ಸದ್ದು ಡಬ್ಬಿಯ ಮೇಲಿನ ತೆಳು ತಗಡಿನದು. ಈ ದೋಣಿಗೆ 1891ರಷ್ಟು ಹಿಂದೆಯೇ ಪೇಟೆಂಟ್ ಆಗಿದೆ, ಜಾತ್ರೆಯಲ್ಲಿ ಈಗಲೂ ಸಿಗುತ್ತದೆ. ಒಂದು ತಂದು ಶಾಲೆಗೆ ಕೊಡಿ.

ಎರಕದ ಕಾರು ಮುಟ್ಟಿದ್ರೆ ಪುಡಿ ಆಗ್ತಿದೆ, ಇದಕ್ಕೆ ಔಷಧಿ ಇದೆಯಾ?

ಇಲ್ಲ. ಈ ಕಾರುಗಳ ಲೋಹ ಮುಖ್ಯವಾಗಿ ಸತುವು, ಜೊತೆಗೆ ಸ್ವಲ್ಪ ಅಲ್ಯುಮಿನಿಯಂ, ಮೆಗ್ನೀಸಿಯಂ, ತಾಮ್ರ. ಎರಕ ಹೊಯ್ಯುವಾಗ ಸೀಸದಂಥ ಕಲಬೆರಕೆ ಸೇರಿದ್ದರೆ ವರ್ಷ ಕಳೆದ ಹಾಗೆ ಲೋಹ ಒಳಗಿನಿಂದಲೇ ಉಬ್ಬಿ ಬಿರಿಯುತ್ತದೆ. ಯುದ್ಧಕ್ಕೆ ಮುಂಚಿನ ಡಿಂಕಿಗಳಲ್ಲಿ ಇದು ಜಾಸ್ತಿ. ಪಕ್ಕದ ಕಾರಿಗೆ ಹರಡುವುದಿಲ್ಲ, ಆ ಭಯ ಬೇಡ. ತೇವ ಮತ್ತು ಬಿಸಿ ತಪ್ಪಿಸಿದರೆ ನಿಧಾನವಾಗುತ್ತದೆ. ಇರುವಾಗಲೇ ಎಲ್ಲ ಕೋನದಿಂದ ಫೋಟೋ ತೆಗೆದಿಡಿ.

ಇವನ್ನು ಈಗಿನ ಮಕ್ಕಳಿಗೆ ಆಡೋಕೆ ಕೊಡಬಹುದಾ?

ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿಗೆ ಖಂಡಿತ ಬೇಡ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು, ತಗಡಿನ ಅಂಚೂ ಚೂಪು. ಸೆಲ್ಯುಲಾಯ್ಡ್ ಗೊಂಬೆ ಇದ್ದರೆ ಇನ್ನೂ ಹುಷಾರು, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಬೆರಳಿನಿಂದ ಉಜ್ಜಿ ಮೂಸಿ ನೋಡಿ, ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡೇ, ಅದರಲ್ಲಿ ಕರ್ಪೂರ ಸೇರಿಸಿರುತ್ತಾರೆ. ದೇವರ ಮನೆಯ ದೀಪದ ಹತ್ತಿರ ಇಡಬೇಡಿ. ದೊಡ್ಡ ಮಕ್ಕಳಿಗೆ ಎದುರಿಗೆ ಕೂತು ಆಡಿಸಿ, ಅವರಿಗೆ ತುಂಬ ಇಷ್ಟವಾಗುತ್ತದೆ. ಸುಮ್ನೆ ಆಡಲು ಕಾರು ಬೇಕಿದ್ದರೆ ಸೆಂಟಿಯಂಥ ಈಗಿನ ಕಂಪನಿಗಳ ಪ್ಲಾಸ್ಟಿಕ್ ಅಂಬಾಸಿಡರ್ ಸಿಗುತ್ತದೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಾಡಿ ಅದಕ್ಕಿಂತ ಒಳ್ಳೆಯದು.

## ಓಡಿಸುವವರಿಗೆ

ಹತ್ತು ಹದಿನೈದು ವರ್ಷದಿಂದ ಕಾರು ನಿಂತಲ್ಲೇ ನಿಂತಿದೆ. ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದಾ?

ಇವತ್ತೇ ಮಾಡಬೇಡಿ. ಒಣಗಿದ ಸಿಲಿಂಡರಿನಲ್ಲಿ ಪಿಸ್ಟನ್ ಎಳೆದರೆ ಉಂಗುರ ಮುರಿಯುತ್ತದೆ. ಪ್ಲಗ್ ಬಿಚ್ಚಿ, ಪ್ರತಿ ತೂತಿಗೆ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು, ಎರಡು ದಿನ ಕಾಯಿರಿ. ಆಮೇಲೆ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸಿ. ಹಗುರವಾಗಿ ತಿರುಗಿದರೆ ಮುಂದಿನ ಕೆಲಸ: ಹಳೇ ಆಯಿಲ್ ತೆಗೆಯಿರಿ, ಟ್ಯಾಂಕಿನ ಹಳೇ ಪೆಟ್ರೋಲ್ ಖಾಲಿ ಮಾಡಿ, ಇಲಿ ಕಡಿದ ವೈರ್ ಹುಡುಕಿ.

ಬ್ಯಾಟರಿ ಹಾಕುವ ಮುಂಚೆ ಒಂದು ವಿಷಯ ನೋಡಲೇಬೇಕು. ಆ ಕಾಲದ ಬ್ರಿಟಿಷ್ ವಿನ್ಯಾಸದ ಎಷ್ಟೋ ಕಾರುಗಳಲ್ಲಿ ಬಾಡಿಗೆ ಸೇರುವುದು ಪ್ಲಸ್ ತುದಿ, ಮೈನಸ್ ಅಲ್ಲ. ಹಳೇ ಜೀಪು, ಜಾವಾಗಳಲ್ಲಿ 12 ವೋಲ್ಟ್ ಬದಲು 6 ವೋಲ್ಟ್ ಇರುತ್ತದೆ. ನೋಡದೆ ಹಾಕಿದರೆ ಡೈನಮೋ, ವೈರಿಂಗ್ ಎರಡೂ ಹೋಗುತ್ತವೆ.

ಎಲ್ಲರೂ ಇಂಜಿನ್ ಶುರುವಾದ ಖುಷಿಯಲ್ಲಿ ಬ್ರೇಕ್ ಮರೆಯುತ್ತಾರೆ. ನನ್ನ ಪ್ರಕಾರ ಮೊದಲು ಬ್ರೇಕು, ಆಮೇಲೆ ಇಂಜಿನ್ನು. ಈ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಒಂದು ಕಡೆ ಸೋರಿದರೆ ನಾಲ್ಕೂ ಹೋಗುತ್ತವೆ. ವೀಲ್ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿಸದೆ ಅಂಗಳ ದಾಟಿಸಬೇಡಿ.

ಬೇಸಿಗ್ಯಾಗ ಹುಮನಾಬಾದ್ ದಾಟಿದ್ರೆ ಸಾಕು, ಗಾಡಿ ನಿಂತ್‌ಬಿಡ್ತದ. ಯಾಕ್ರಿ?

ಪೆಟ್ರೋಲ್ ಪೈಪಿನಲ್ಲೇ ಕುದಿಯುತ್ತಿದೆ. ಈ ಕಾರುಗಳ ಪೆಟ್ರೋಲ್ ಪಂಪ್ ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಬಿಸಿ ಏರಿದಾಗ ಪೈಪಿನಲ್ಲಿ ಆವಿ ತುಂಬಿ ಪಂಪಿಗೆ ಎಳೆಯಲು ದ್ರವವೇ ಸಿಗುವುದಿಲ್ಲ. ಹಳೇ ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ಅದು ಈಗಲೂ ಸರಿಯಾದ ಉಪಾಯ, ನೀರು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ಶಾಶ್ವತವಾಗಿ ಬೇಕಾದರೆ ಪೆಟ್ರೋಲ್ ಪೈಪನ್ನು ಸೈಲೆನ್ಸರಿನಿಂದ ದೂರ ಹಾಯಿಸಿ, ನಡುವೆ ಒಂದು ತಗಡಿನ ಮರೆ ಹಾಕಿಸಿ.

ರೇಡಿಯೇಟರನ್ನೂ ನೋಡಿಸಿ. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯ ತಳದಲ್ಲಿ ಬಿಳಿ ಕಟ್ಟುವುದು ಎಲ್ಲರಿಗೂ ಗೊತ್ತು. ರೇಡಿಯೇಟರ್ ಕೊಳವೆಯೊಳಗೂ ಅದೇ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ.

ಈಗಿನ ಎಥನಾಲ್ ಪೆಟ್ರೋಲ್ ಹಳೇ ಗಾಡಿಗೆ ಆಗುತ್ತಾ?

ಓಡುತ್ತದೆ, ಆದರೆ ತಯಾರಿ ಬೇಕು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಅದು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಕಿನ ಪ್ಯಾಕಿಂಗ್ ಎಲ್ಲವನ್ನೂ ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನಲ್ಲಿ ತುಕ್ಕು ತರುತ್ತದೆ. ಎಥನಾಲ್ ತಾಳುವ ಪೈಪು, ಡಯಾಫ್ರಂ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ. ಇನ್ನೊಂದು ವಿಷಯ ಸೀಸದ್ದು. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲ್ ಇಲ್ಲ. ಹಳೇ ಇಂಜಿನ್ನಿನ ವಾಲ್ವ್ ಕೂರುವ ಜಾಗಕ್ಕೆ ಆ ಸೀಸವೇ ರಕ್ಷಣೆಯಾಗಿತ್ತು. ಹೆಡ್ ಬಿಚ್ಚುವ ಕೆಲಸ ಬಂದಾಗ ಗಟ್ಟಿ ಸೀಟು ಹಾಕಿಸಿಬಿಡಿ, ಅದಕ್ಕೇ ಅಂತ ಬಿಚ್ಚಬೇಕಿಲ್ಲ.

ಜಾವಾಕ್ಕೆ ಕಿಕ್ಕರ್ ಎಲ್ಲಿದೆ? ಗೇರ್ ಲಿವರ್ ಒಂದೇ ಕಾಣ್ತಿದೆ.

ಅದೇ ಕಿಕ್ಕರ್. ಒಳಕ್ಕೆ ಒತ್ತಿ ಮೇಲೆ ಎತ್ತಿದರೆ ಕಿಕ್ ಹೊಡೆಯಬಹುದು, ಶುರುವಾದ ಮೇಲೆ ಕೆಳಗೆ ಇಳಿಸಿದರೆ ಗೇರ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇವನ್ನು ಮಾಡಿತು, ಆಮೇಲೆ ಯೆಜ್ಡಿ ಹೆಸರಿನಲ್ಲಿ 1996ರವರೆಗೆ. ಟೂ ಸ್ಟ್ರೋಕ್ ಇಂಜಿನ್, ಹಾಗಾಗಿ ಪೆಟ್ರೋಲಿಗೆ ಆಯಿಲ್ ಬೆರೆಸದೆ ಒಂದು ಕಿಲೋಮೀಟರೂ ಓಡಿಸಬಾರದು. ಲೀಟರಿಗೆ 30ರಿಂದ 40 ಮಿ.ಲೀ. ಟೂಟಿ ಆಯಿಲ್ ಹಾಕುವುದು ರೂಢಿ.

ಸ್ಪೇರ್ ಪಾರ್ಟ್ ಎಲ್ಲಿ ಹುಡುಕೋದು?

ಮೊದಲು ನಿಮ್ಮ ಊರಿನ ಹಳೇ ಆಟೊಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮಾರಾಟವಾಗದೆ ಉಳಿದ ಅಸಲಿ ಪಾರ್ಟು ಕಂಪನಿ ಡಬ್ಬಿಯಲ್ಲೇ ಇರುವುದುಂಟು. ಆಮೇಲೆ ಹೈದರಾಬಾದ್, ಸೊಲ್ಲಾಪುರ. ಅಂಬಾಸಿಡರಿನದಾದರೆ ಕಲ್ಕತ್ತ, ಫಿಯಟ್‌ನದಾದರೆ ಮುಂಬೈ. ಆ ಊರುಗಳಲ್ಲಿ ಟ್ಯಾಕ್ಸಿಗಳೇ ಅವಾಗಿದ್ದರಿಂದ ಸಾಮಾನು ಇನ್ನೂ ಇದೆ. ಪಾನ ಕೊಳ್ಳುವಾಗ ನೆನಪಿಡಿ: ಅಂಬಾಸಿಡರಿಗೆ ಇಂಚಿನ ಪಾನ, ಫಿಯಟ್‌ಗೆ ಮಿಲಿಮೀಟರ್ ಪಾನ. ಒಂದರಿಂದ ಇನ್ನೊಂದನ್ನು ತಿರುಗಿಸಿದರೆ ಬೋಲ್ಟಿನ ತಲೆ ಸವೆಯುತ್ತದೆ. ಬಿಚ್ಚಿದ ಯಾವ ಹಳೇ ಭಾಗವನ್ನೂ ಗುಜರಿಗೆ ಹಾಕಬೇಡಿ. ಲೇತಿನಲ್ಲಿ ಹೊಸದು ಮಾಡಿಸಲು ಅದೇ ಅಳತೆ.

## ಬೆಲೆ, ಕಾಗದಪತ್ರ

ಇದಕ್ಕೆ ಎಷ್ಟು ಬೆಲೆ ಬರ್ತದ, ನೇರ ಹೇಳ್ರಿ.

ಫೋಟೋ ನೋಡಿ ಬೆಲೆ ಹೇಳುವವರನ್ನು ನಂಬಬೇಡಿ, ನಾನೂ ಹೇಳುವುದಿಲ್ಲ. ಆಟಿಕೆಗೆ ಮೂಲ ಬಣ್ಣ, ಡಬ್ಬಿ, ಎಲ್ಲ ಭಾಗ ಇದೆಯೇ ಅನ್ನುವುದು ಮುಖ್ಯ. ಕಾರಿಗೆ ಕಾಗದ, ಚಾಸಿ ನಂಬರ್, ತಗಡಿನ ಸ್ಥಿತಿ. ವಯಸ್ಸೊಂದೇ ಬೆಲೆ ತರುವುದಿಲ್ಲ. ಹಳ್ಳಿಗೆ ಬಂದು ನಗದು ತೋರಿಸಿ ಇವತ್ತೇ ಕೊಡಿ ಅನ್ನುವವರಿಗೆ ಒಂದು ವಾರ ತಡೆಯಿರಿ ಅನ್ನಿ. ಅಷ್ಟರಲ್ಲಿ ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರು ತಂದರು, ಎಲ್ಲಿಂದ ತಂದರು, ಯಾವ ವರ್ಷ ಅಂತ ಬರೆದಿಡಿ, ಹಳೇ ಫೋಟೋ ಹುಡುಕಿ. ಮಾರಿದರೂ ಆ ಕಾಗದ ವಸ್ತುವಿನ ಜೊತೆ ಹೋಗಲಿ. ಅದು ಇರುವ ವಸ್ತುವನ್ನು ಕೊಂಡವರೂ ಜೋಪಾನ ಮಾಡುತ್ತಾರೆ.

ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೆ ಹಾಕಲೇಬೇಕಂತೆ, ಹೌದಾ?

ನಮ್ಮಲ್ಲಿ ಖಾಸಗಿ ಕಾರಿಗೆ ಹಾಗಿಲ್ಲ. ದೆಹಲಿ ಸುತ್ತಮುತ್ತಲಿನ ನಿರ್ಬಂಧವನ್ನು ಕೇಳಿ ಎಷ್ಟೋ ಜನ ಒಳ್ಳೆ ಗಾಡಿಯನ್ನು ತೂಕಕ್ಕೆ ಹಾಕಿದ್ದಾರೆ, ಅದು ನನಗೆ ತುಂಬ ಬೇಸರದ ವಿಷಯ. ಕರ್ನಾಟಕದಲ್ಲಿ 15 ವರ್ಷದ ನಂತರ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬಹುದು. ಶುಲ್ಕ ಬದಲಾಗುತ್ತಿರುತ್ತದೆ, ಹೋಗುವ ದಿನ ಕೇಳಿಕೊಳ್ಳಿ.

ವಿಂಟೇಜ್ ಅಂತ ನೋಂದಣಿ ಮಾಡಿಸಿದ್ರೆ ಲಾಭನಾ?

ದಿನಾ ಓಡಿಸುವವರಿಗೆ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಎರಡು ಅಥವಾ ನಾಲ್ಕು ಚಕ್ರದ ಗಾಡಿಯಾಗಿರಬೇಕು, ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ಅಂತ ಆಗ ನಿಗದಿಯಾಗಿತ್ತು, ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ಎಂವೈ ಪ್ಲೇಟ್ ಇರುವವರು ಇದನ್ನು ಬಿಡಬೇಡಿ. ಆದರೆ ಆಮೇಲೆ ಆ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಷ್ಟಕ್ಕೇ ರಸ್ತೆಗೆ ತರಬಹುದು. ಸಂತೆಗೂ ಸಂಬಂಧಿಕರ ಮನೆಗೂ ಅದರಲ್ಲೇ ಹೋಗುವವರು ಮಾಮೂಲಿ ನವೀಕರಣದಲ್ಲೇ ಇರುವುದು ಒಳ್ಳೆಯದು.

ಆರ್‌ಸಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಈಗ ಏನ್ ಮಾಡ್ಬೇಕು?

ಇದನ್ನು ತಡ ಮಾಡಬೇಡಿ. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ವರ್ಷಗಳೇ ಕಳೆದಿದ್ದರೂ ಅರ್ಜಿ ಹಾಕಬಹುದು, ತಡವಾದದ್ದಕ್ಕೆ ದಂಡ ಬೀಳುತ್ತದೆ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ ಬೇಕು. ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಕೊಳ್ಳಿ, ಕೆಲಸ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಆರ್‌ಸಿ ಕಳೆದಿದ್ದರೆ ಮೊದಲು ಪೊಲೀಸ್ ದೂರು ಕೊಟ್ಟು ನಕಲು ಪ್ರತಿಗೆ ಅರ್ಜಿ ಹಾಕಬೇಕು. ಆರ್‌ಟಿಒಗೆ ಹೋಗುವ ಮುಂಚೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ತೆಗೆದುಕೊಳ್ಳಿ. ತುಕ್ಕಿನ ಕೆಳಗೆ ಅಂಕಿ ಕಾಣದಿದ್ದರೆ ಸೀಮೆಎಣ್ಣೆಯಲ್ಲಿ ಮೆಲ್ಲಗೆ ಒರೆಸಿ. ಗ್ರೈಂಡರ್ ಮಾತ್ರ ಮುಟ್ಟಿಸಬೇಡಿ, ಅಂಕಿ ಅಳಿಸಿಹೋದರೆ ಗಾಡಿ ಅಜ್ಜನದೇ ಅಂತ ತೋರಿಸುವುದು ಬಹಳ ಕಷ್ಟ.